ನಿಸಿಧಿಯೂ ಹಿಮದ ಇಳಿಜಾರೂ

ರಾಯದುರ್ಗದ ಬೆಟ್ಟವಾಗಲಿ ಮಡಕಶಿರದ ಹೆಬ್ಬಂಡೆಗಳಾಗಲಿ ಹಿಮವನ್ನು ಕಂಡವಲ್ಲ. ಆದರೂ, ಬೇಕೆಂದೇ ಈ ದೇಹವನ್ನು ಮೃತ್ಯುವಿನ ಸಮೀಪಕ್ಕೆ ಒಯ್ಯುವುದು ಧರ್ಮವೋ ಅಧರ್ಮವೋ ಎಂಬ ಪ್ರಶ್ನೆಯನ್ನು, 1953ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ಮೇಲೆಯೂ ಕನ್ನಡವನ್ನು ಬಿಡದ ರಾಯದುರ್ಗವೂ ಮಡಕಶಿರದ ಸೀಮೆಯೂ ಶತಮಾನಗಳ ಹಿಂದೆಯೇ ಎದುರಿಸಿದ್ದುವು. 1355ರಲ್ಲಿ ಭೋಗರಾಜನೆಂಬವನು ತೀರ್ಥಂಕರ ಶಾಂತಿನಾಥನನ್ನು ಪ್ರತಿಷ್ಠಿಸಿದ ರಾಯದುರ್ಗದಲ್ಲಿಯೂ, ತೈಲಂಗೆರೆಯ ಬಸದಿಗೆ 1278ರಲ್ಲಿ ಎರಡು ಸಾವಿರ ಅಡಕೆಮರಗಳನ್ನು ದತ್ತಿಯಿತ್ತ ಶಾಸನವಿರುವ ಮಡಕಶಿರ ಸೀಮೆಯ ಅಮರಾಪುರದಲ್ಲಿಯೂ ಜೈನರ ನಿಸಿಧಿಗಳು, ಎಂದರೆ ಸಲ್ಲೇಖನವೆಂಬ ಉಪವಾಸವ್ರತದಿಂದ ದೇಹವನ್ನು ತ್ಯಜಿಸಿದವರ ನೆನಪಿನ ಕಲ್ಲುಗಳು, ದೊರೆತಿವೆ.

ಈ ಕಲ್ಲುಗಳನ್ನು ನೆನೆವಾಗ ನನ್ನ ಮನಸ್ಸು ಕಾಶ್ಮೀರದ ಗುಲ್ಮಾರ್ಗಕ್ಕೆ ಹೋಗುತ್ತದೆ. ಅಲ್ಲಿಯ ಅಫರ್ವತ್ ಪರ್ವತದಲ್ಲಿ ಕಾವಲುಳ್ಳ ಹಾದಿಯನ್ನು ತೊರೆದು, ಯಾರೂ ತುಳಿಯದ ಹಿಮದ ಮೇಲೆ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಧುಮ್ಮಿಕ್ಕುವ ಸಾಹಸಿಗಳಿದ್ದಾರೆ. 2023ರ ಫೆಬ್ರವರಿಯಲ್ಲಿ ಪೋಲೆಂಡಿನ ಇಬ್ಬರು ಅಲ್ಲಿಯೇ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಪದರಪದರವಾಗಿ ಕೂಡಿದ ಹಿಮದಲ್ಲಿ ಅಡಿಯ ಒಂದು ಪದರ ದುರ್ಬಲವಾಗಿದ್ದರೆ, ಒಬ್ಬ ಮನುಷ್ಯನ ಭಾರಕ್ಕೆ ಇಡೀ ಇಳಿಜಾರೇ ಬಿರಿದು ಹೊರಡಬಹುದು. 30ರಿಂದ 45 ಡಿಗ್ರಿಗಳ ಓರೆಯಲ್ಲಿ ಈ ಭಯ ಅಧಿಕ. ಸ್ಕೀಗಾರನಿಗೆ ಪರಮಾನಂದವನ್ನೀಯುವ ಓರೆಯೂ ಅದೇ. ಅವನನ್ನು ಹೂಳುವ ಹಿಮವನ್ನು ಬಹುಮಟ್ಟಿಗೆ ಕದಲಿಸುವವನು ತಾನೇ, ಇಲ್ಲವೇ ತನ್ನ ಸಂಗಡಿಗ. ಹೂತುಹೋದವನನ್ನು ಸುಮಾರು 15 ನಿಮಿಷಗಳೊಳಗೆ ಅಗೆದು ತೆಗೆಯದಿದ್ದರೆ ಬದುಕುವ ಆಸೆ ಬೇಗಬೇಗನೆ ಕ್ಷೀಣಿಸುತ್ತದೆ.

ಸಲ್ಲೇಖನಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ಪರಿಹಾರವಿಲ್ಲದ ಉಪಸರ್ಗ (ವಿಪತ್ತು), ದುರ್ಭಿಕ್ಷ, ಮುಪ್ಪು, ರೋಗಗಳು ಒದಗಿದಾಗ ಮಾತ್ರ ದೇಹತ್ಯಾಗವನ್ನು ಜೈನಗುರು ಸಮಂತಭದ್ರಾಚಾರ್ಯರು ವಿಧಿಸಿದರು; ಬದುಕಿನಾಸೆಯನ್ನು ಮಾತ್ರವಲ್ಲ, ಬೇಗ ಸಾಯಬೇಕೆಂಬ ಆಸೆಯನ್ನೂ ಅವರು ದೋಷವೆಂದೇ ಎಣಿಸಿದರು. ಸ್ಕೀಗಾರನಾದರೋ ಜೀವನದ ಸವಿಯನ್ನು ತುಂಬಿಕೊಳ್ಳುವುದಕ್ಕಾಗಿಯೇ ಅಪಾಯದೊಳಗೆ ಇಳಿಯುವನು. ಆದುದರಿಂದ ಅವನನ್ನು ಆತ್ಮಘಾತಕನೆನ್ನುವುದು ಎಷ್ಟು ತಪ್ಪೋ, ತಪಸ್ವಿಯೆಂದು ಹೊಗಳುವುದೂ ಅಷ್ಟೇ ತಪ್ಪೆಂದು ನನ್ನ ಭಾವನೆ. ಧೈರ್ಯವೊಂದರಿಂದಲೇ ಯಾವ ಕರ್ಮವೂ ಪವಿತ್ರವಾಗದು; ಕಳ್ಳನಿಗೂ ಧೈರ್ಯವುಂಟು.

ಅದೇ ಸಮಂತಭದ್ರರ ಕಥೆಯೊಂದು ಇಲ್ಲಿ ನನಗೆ ದಾರಿ ತೋರುತ್ತದೆ. ಎಷ್ಟುಂಡರೂ ಹಸಿವು ತೀರದ ಭಸ್ಮಕವ್ಯಾಧಿಯಿಂದ ಬೆಂದ ಆಚಾರ್ಯರು ಸಲ್ಲೇಖನಕ್ಕೆ ಅಪ್ಪಣೆ ಬೇಡಿದಾಗ, ಅವರಿಂದ ಧರ್ಮಕ್ಕೆ ಆಗಬೇಕಾದುದು ಬಹಳವಿದೆಯೆಂದು ಗುರುಗಳು ನಿರಾಕರಿಸಿದರಂತೆ. ಆಚಾರ್ಯರು ಆ ಮಾತಿಗೆ ತಲೆಬಾಗಿದರು. ಅಂತಹ ಮಹಾತ್ಮರೂ ತಮ್ಮ ದೇಹ ತಮ್ಮೊಬ್ಬರದೇ ಎಂದು ಭಾವಿಸಲಿಲ್ಲ. ಪರ್ವತದ ನೆತ್ತಿಯಲ್ಲಿ ನಿಂತು ಸಲಿಕೆಯಿಂದ ಹಿಮವನ್ನು ಕಡಿದು ಪದರಗಳನ್ನು ಪರೀಕ್ಷಿಸಿ, ಜೊತೆಗಾರನೊಬ್ಬನು “ಇಂದು ಬೇಡ” ಎಂದೊಡನೆ ಮರಳಿ ಇಳಿದುಬರುವವನಲ್ಲಿ ಆ ವಿನಯದ ಒಂದಂಶವನ್ನು ನಾನು ಕಾಣುತ್ತೇನೆ. ಆ ಮಾತನ್ನು ಹೇಡಿತನವೆಂದು ಮೂದಲಿಸುವವನಲ್ಲಿ ಅದನ್ನು ಕಾಣಲಾರೆ, ಏಕೆಂದರೆ ನಾಳೆ ಅವನನ್ನು ಅಗೆದು ತೆಗೆಯಲು ಅದೇ ಇಳಿಜಾರಿಗೆ ಪ್ರಾಣವನ್ನೊಡ್ಡಿ ಬರಬೇಕಾದವರು ಇತರರು. ಇಷ್ಟೆಲ್ಲ ನೋಡಿಕೊಂಡು, ಎಲ್ಲರ ಸಮ್ಮತಿ ಪಡೆದು ಹೊರಟವನೂ ಒಮ್ಮೊಮ್ಮೆ ಹಿಮದಡಿ ಸಿಕ್ಕಿ ಮಡಿಯುವುದುಂಟು. ಅವನ ಸಾವನ್ನು ಪಾಪವೆನ್ನಲು ನನ್ನ ನಾಲಗೆ ಏಳದು.