ಇಳಿಸಲು ಬರುವ ಬಿಲ್ಲು

ಬಿಲ್ಲು ಕೊಳ್ಳಲು ಹೋದವರಿಗೆ ಮೊದಲು ಎದುರಾಗುವುದು ಒಂದು ಅಂಕಿ. ಹೆದೆಯನ್ನು 28 ಇಂಚು ಎಳೆದಾಗ ಬೆರಳುಗಳ ಮೇಲೆ ಎಷ್ಟು ಪೌಂಡು ಭಾರ ಬೀಳುತ್ತದೆ ಎಂಬ ಲೆಕ್ಕ ಅದು. ಹೊಸಬರಿಗೆ 20ರಿಂದ 25 ಸಾಕು ಎನ್ನುತ್ತಾರೆ. ಬೇಟೆಗೆ ಅವಕಾಶವಿರುವ ಅಮೆರಿಕದ ಕೆಲವು ರಾಜ್ಯಗಳಲ್ಲಿ, ಜಿಂಕೆ ಹೊಡೆಯುವ ಬಿಲ್ಲು 40ಕ್ಕಿಂತ ಕಡಿಮೆ ಇರಬಾರದೆಂಬ ಕಾನೂನೇ ಇದೆ. ಬಾಣ ಪ್ರಾಣಿಯನ್ನು ಕೊಲ್ಲುವುದು ರಕ್ತ ಹರಿಸಿ. ಆಳಕ್ಕೆ ಇಳಿಯದ ಬಾಣವನ್ನು ಹೊತ್ತು ಪ್ರಾಣಿ ಓಡಿಹೋಗಿ ಎಲ್ಲೋ ನರಳುತ್ತದೆ. ಹೀಗಾಗಿ ದೊಡ್ಡ ಅಂಕಿಯ ಬಿಲ್ಲೇ ಹೆಚ್ಚು ದಯೆಯುಳ್ಳದ್ದು ಎಂಬ ವಾದವೂ ಇದೆ. ಅದರ ಜೊತೆಗೆ ನಮ್ಮ ಕಥೆಗಳ ಒತ್ತಾಸೆ ಬೇರೆ. ಶಿವಧನುಸ್ಸು ಎತ್ತಿದವನಿಗೆ ತಾನೇ ಸೀತೆ?

ನಾನು ತಂದದ್ದು 30 ಪೌಂಡಿನದು. ತುದಿಗಳು ಹೊರಕ್ಕೆ ಬಾಗಿದ, ಗುರಿ ನೋಡುವ ಸಲಕರಣೆ ಏನೂ ಇಲ್ಲದ ಹಳೇ ಮಾದರಿಯ ಬಿಲ್ಲು. ಹಳಗನ್ನಡ ಕಾವ್ಯಗಳ ಬೇಟೆಯ ವರ್ಣನೆಗಳ ಮೇಲೆ ಪ್ರಬಂಧ ಬರೆಯುತ್ತಿರುವವನು ಒಮ್ಮೆಯಾದರೂ ಹೆದೆ ಎಳೆದು ನೋಡಬೇಕು ಅನ್ನಿಸಿತ್ತು. ಕಲಿಸಿದವರು ಮೊದಲ ವಾರ ಬಾಣ ಬಿಡಲು ಕೊಡಲೇ ಇಲ್ಲ. ಬಾಣ ಹೂಡು, ಎಳೆ, ಹೆದೆ ಗಲ್ಲಕ್ಕೆ ತಾಗಿದ ಮೇಲೆ ಐದು ಎಣಿಸು, ನಿಧಾನವಾಗಿ ಇಳಿಸು. ಅಷ್ಟೇ ಪಾಠ.

ಅದರ ಅರ್ಥ ತೋಳು ನಡುಗತೊಡಗಿದಾಗ ಆಯಿತು. ಈಗಿನ ಗಾಲಿ ಹಚ್ಚಿದ ಬಿಲ್ಲುಗಳಲ್ಲಿ ಪೂರ್ತಿ ಎಳೆದ ಮೇಲೆ ಭಾರ ಥಟ್ಟನೆ ಇಳಿಯುತ್ತದೆ, ಆರಾಮಾಗಿ ಕಾಯಬಹುದು. ಹಳೇ ಬಿಲ್ಲು ಹಾಗಲ್ಲ. ಎಳೆದಷ್ಟೂ ಭಾರ ಏರುತ್ತದೆ, ಕೊನೆಯಲ್ಲಿ ಅತಿ ಹೆಚ್ಚು. ಬಾಣವಿಲ್ಲದೆ ಬರೀ ಹೆದೆ ಬಿಟ್ಟರೆ ಬಿಲ್ಲೇ ಸೀಳಬಹುದು. ಹಾಗಾಗಿ ಪೂರ್ತಿ ಎಳೆದು ನಿಂತವನಿಗೆ ಎರಡೇ ದಾರಿ: ಬಾಣ ಬಿಡಬೇಕು, ಇಲ್ಲವೆ ಅಷ್ಟೂ ಭಾರವನ್ನು ತಡೆದುಕೊಂಡು ಹಿಂದಕ್ಕೆ ಇಳಿಸಬೇಕು. ದಣಿದವನಿಗೆ ಎರಡನೆಯದು ಸಾಧ್ಯವಿಲ್ಲ. ತನ್ನ ಶಕ್ತಿಗೆ ಮೀರಿದ ಬಿಲ್ಲು ಕೊಂಡವನು, ಪ್ರಾಣಿಯ ಮುಖ ನೋಡುವ ಮೊದಲೇ, ಅಂಗಡಿಯಲ್ಲೇ ಅದರ ಹಣೆಬರಹ ಬರೆದಿರುತ್ತಾನೆ.

ಮಹಾಭಾರತದ ಸೌಪ್ತಿಕಪರ್ವ ಹೇಳುವುದೂ ಬಹುಮಟ್ಟಿಗೆ ಇದನ್ನೇ ಎಂದು ನನಗೆ ಅನ್ನಿಸುತ್ತದೆ. ಅಶ್ವತ್ಥಾಮ, ಅರ್ಜುನ ಇಬ್ಬರೂ ಅಸ್ತ್ರ ಬಿಟ್ಟರು. ಹಿಂದಕ್ಕೆ ಕರೆಯಿರಿ ಎಂದಾಗ ಅರ್ಜುನನಿಗೆ ಬಂತು, ಅಶ್ವತ್ಥಾಮನಿಗೆ ಬರಲಿಲ್ಲ. ಬಿಡುವ ಮಂತ್ರ ಇಬ್ಬರಿಗೂ ಗೊತ್ತಿತ್ತು. ಕರೆಯಲು ಬಾರದ ಅಸ್ತ್ರ ಕೊನೆಗೆ ಪಾಂಡವರ ಹೆಂಗಸರ ಗರ್ಭಕ್ಕೆ ಬಿತ್ತು.

ನಮ್ಮೂರು ಮನೋಳಿ, ಮಲಪ್ರಭೆಯ ದಂಡೆ, ನವಿಲುತೀರ್ಥದ ಅಣೆಕಟ್ಟು ಹತ್ತಿರ. ರಜೆಗೆ ಹೋದಾಗ ಹೊಲದಲ್ಲಿ ಕಬ್ಬಿನ ರವದಿಯನ್ನು ಹೊರೆ ಕಟ್ಟಿ ಗುರಿ ಮಾಡಿಕೊಂಡಿದ್ದೆ. ಕಾಕಾ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಕೇಳಿದರು: "ತಮ್ಮಾ, ರವದಿ ನಿನಗೇನ್ ಮಾಡೇತಿ? ಹಂದಿ ಬಂದು ಗೋವಿನಜೋಳ ಅರ್ಧಾ ಮಲಗಿಸಿ ಹೋಗ್ಯಾವು. ಅದಕ್ಕೊಂದು ಬಿಡಬಾರದೇನು?"

ಕಾಯ್ದೆ ಹೇಳಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಆಯುಧ ಎಂದರೆ ಏನೇನು ಎಂಬ ಪಟ್ಟಿಯಲ್ಲಿ ಬಿಲ್ಲುಬಾಣದ ಹೆಸರೂ ಇದೆ. ಬೇಟೆಗೆ ಯತ್ನಿಸಿದರೂ ಅದು ಬೇಟೆಯೇ. ಕಾಕಾ ನಕ್ಕರು. "ಮಂದಿ ಬೇಲಿಗೆ ಕರೆಂಟ್ ಕೊಟ್ಟು ಮನ್ಯಾಗ ಮಲಗತಾರ. ಅದಕ್ಕಿಂತ ನಿಂದು ಚಲೋ ಅಲ್ಲೇನು? ಎದುರಿಗೆ ನಿಂತು ಹೊಡೀತಿ."

ಈ ಮಾತನ್ನು ಕಾಯ್ದೆಯಿಂದ ತಳ್ಳಿಹಾಕಲು ಆಗುವುದಿಲ್ಲ. ಪ್ರಪಂಚದ ಎಲ್ಲ ಬಿಲ್ಲುಬೇಟೆಗಾರರ ವಾದವೂ ಇದೇ: ಹತ್ತಿರ ಹೋಗಬೇಕು, ಮೈ ದಂಡಿಸಬೇಕು, ಪ್ರಾಣಿಗೂ ತಪ್ಪಿಸಿಕೊಳ್ಳಲು ಅವಕಾಶವಿದೆ, ಆದ್ದರಿಂದ ಇದು ನ್ಯಾಯದ ಕೊಲೆ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ನಾನು ಪಟ್ಟ ಕಷ್ಟದಿಂದ ಹೆಚ್ಚುವುದು ನನ್ನ ಮರ್ಯಾದೆ. ಹಂದಿಗೆ ಅದರಿಂದ ಏನು ಬಂತು? ತಪ್ಪಿಸಿಕೊಳ್ಳುವ ಅವಕಾಶದ ಕಥೆಯೂ ಅಷ್ಟೇ. ಇಂಥ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 50 ಮೀಟರ್ ಹೋಗುತ್ತದೆ, ಹೆದೆಯ ಸದ್ದು 340 ಮೀಟರ್. 20 ಮೀಟರ್ ದೂರದ ಪ್ರಾಣಿಗೆ ಬಾಣಕ್ಕಿಂತ ಮೊದಲೇ ಸದ್ದು ಮುಟ್ಟುತ್ತದೆ; ಬೆದರಿ ಗೇಣು ಸರಿದರೂ ಗುಂಡಿಗೆಗೆ ಬಿಟ್ಟ ಬಾಣ ಹೊಟ್ಟೆಗೆ ಬೀಳುತ್ತದೆ. ಅದನ್ನು ಅವಕಾಶ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಕಾಕಾ ಹೇಳಿದ್ದರಲ್ಲಿ ಉಳಿಯುವ ಅರ್ಧ ಯಾವುದೆಂದರೆ, ಬಿಲ್ಲಿನಲ್ಲಿ ಮನಸ್ಸು ಬದಲಿಸಲು ಕೊನೆಯ ಕ್ಷಣದವರೆಗೂ ಜಾಗವಿದೆ. ಕರೆಂಟಿನ ತಂತಿಯಲ್ಲಿ ಅದು ಸಂಜೆಗೇ ಮುಗಿದುಹೋಗಿರುತ್ತದೆ. ರಾತ್ರಿ ಬರುವುದು ಹಂದಿಯೋ, ಪಕ್ಕದ ಹೊಲದ ಎತ್ತೋ, ನೀರು ಬಿಡಲು ಬಂದ ಮನುಷ್ಯನೋ, ತಂತಿ ಕೇಳುವುದಿಲ್ಲ. ಶಬ್ದ ಕೇಳಿ ಆನೆಯೆಂದು ಬಾಣ ಬಿಟ್ಟ ದಶರಥನಾದರೂ ಕಿವಿಗೊಟ್ಟಿದ್ದ.

ಆ ಕಥೆಯನ್ನು ನೆನೆದಾಗಲೆಲ್ಲ ಇನ್ನೊಂದು ಕಾಡುತ್ತದೆ. ನಮ್ಮ ಪುರಾಣಗಳಲ್ಲಿ ಹೆಸರುವಾಸಿಯಾದ ಯಾವ ಬೇಟೆಯಲ್ಲೂ ಪ್ರಾಣಿ ಬರೀ ಪ್ರಾಣಿಯಾಗಿಲ್ಲ. ದಶರಥನ ಆನೆ ಒಬ್ಬ ಹುಡುಗ. ರಾಮನ ಚಿನ್ನದ ಜಿಂಕೆ ಮಾರೀಚ. ಇದೇ ಮಲಪ್ರಭೆಯ ಕೆಳಗೆ ಪಟ್ಟದಕಲ್ಲಿನ ಪಾಪನಾಥ ಗುಡಿಯ ಗೋಡೆಯಲ್ಲಿ ಕಿರಾತಾರ್ಜುನರ ಕಥೆಯಿದೆ. ಅಲ್ಲಿಯ ಹಂದಿ ಮೂಕನೆಂಬ ರಾಕ್ಷಸ. ಇನ್ನೂ ಮುಂದೆ ಐಹೊಳೆಯಲ್ಲಿ, 634ರ ಶಾಸನದಲ್ಲಿ ರವಿಕೀರ್ತಿ ಹೆಸರಿಸುವ ಭಾರವಿಯ ಕಾವ್ಯವೂ ಆ ಕಥೆಯದೇ. ಶಿವ, ಅರ್ಜುನ ಇಬ್ಬರ ಜಗಳವೆಲ್ಲ ಹಂದಿ ಯಾರ ಬಾಣಕ್ಕೆ ಸತ್ತಿತು ಎಂಬುದರ ಸುತ್ತ. ಸಾಯಬೇಕಿತ್ತೇ ಎಂಬ ಪ್ರಶ್ನೆ ಏಳದಂತೆ ಕವಿಗಳು ಮೊದಲೇ ಅದನ್ನು ರಾಕ್ಷಸ ಮಾಡಿಟ್ಟಿದ್ದಾರೆ. ಪಾಂಡುವಿನ ಕಥೆಯೊಂದೇ ತುಸು ಬೇರೆ. ಅಲ್ಲಿಯೂ ಜಿಂಕೆ ಋಷಿಯೇ, ನಿಜ. ಆದರೆ ಸಾಯುವಾಗ ಕಿಂದಮ ಆಡುವ ಮಾತು ನೋಡಿ: ಬೇಟೆಯಾಡಿದ್ದಕ್ಕೆ ಅವನ ಆಕ್ಷೇಪವಿಲ್ಲ, ಜೋಡಿ ಕೂಡಿದ ಹೊತ್ತಿನಲ್ಲಿ ಕಾಯದೆ ಹೊಡೆದದ್ದಕ್ಕೆ ಶಾಪ.

ಇದನ್ನೆಲ್ಲ ಕಾಕಾನ ಮುಂದೆ ಹೇಳಿದೆ. ತಾಳ್ಮೆಯಿಂದ ಕೇಳಿದರು. "ನೀ ಬಿಲ್ಲು ಇಳಿಸೂದು ಕಲತಿ. ಹಂದಿಗೆ ತಿನ್ನೂದು ಬಿಡು ಅಂತ ಯಾರು ಕಲಸ್ತಾರ?" ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಸಾಲ ತೀರಿಸಬೇಕಾದವರು ಅವರು, ನಾನಲ್ಲ.

ಆ ರಾತ್ರಿ ಹೆದೆ ಬಿಚ್ಚಿದ ಬಿಲ್ಲನ್ನು ಮನೆಯಲ್ಲಿಟ್ಟು ಅವರ ಜೊತೆ ಅಟ್ಟಣಿಗೆಯ ಮೇಲೆ ಕೂತೆ. ಎರಡರ ಸುಮಾರಿಗೆ ಜೋಳದ ದಂಟು ಮುರಿಯುವ ಸದ್ದು. ಬ್ಯಾಟರಿ ಬಿಟ್ಟೆ. ಮುಂದೆ ತಾಯಿಹಂದಿ, ಹಿಂದೆ ನಾಲ್ಕೋ ಐದೋ ಮರಿ. ದೂರ 20 ಮೀಟರೂ ಇರಲಿಲ್ಲ. ಕಾಕಾ ನನ್ನ ಮುಖವನ್ನೊಮ್ಮೆ ನೋಡಿ ಎಣ್ಣೆಡಬ್ಬಿ ಬಡಿಯತೊಡಗಿದರು. ಅವು ಬದು ದಾಟಿ ಪಕ್ಕದವರ ಕಬ್ಬಿನೊಳಗೆ ಹೊಕ್ಕವು.