ಐದನೆಯದು ದೈವ

ನಮ್ಮ ಸಿದ್ದಾಪುರದ ಕಡೆ ಅಡಿಕೆ ಗೊನೆಗೆ ಕೊನೆ ಅನ್ನುತ್ತೇವೆ. ಅದನ್ನು ಕೊಯ್ಯಲು ಮರ ಹತ್ತುವವನು ಕೊನೆಗೌಡ. ಕೊಯ್ದ ಕೊನೆ ಜಾರಿ ಇಳಿಯುವ ಹಗ್ಗಕ್ಕೆ ನೇಣು ಎಂದು ಹೆಸರು. ಹೊರಗಿನವರು ಕೇಳಿದರೆ ಹೌಹಾರುತ್ತಾರೆ. ನಮಗೆ ಅವು ಅನ್ನ ಕೊಡುವ ಮಾತುಗಳು. ನನ್ನ ಅಪ್ಪ ಕೊನೆಗೌಡನಾಗಿದ್ದ. ನಾನು ಕೆಳಗೆ ನಿಂತು ಅವನ ನೇಣು ಹಿಡಿಯುತ್ತಿದ್ದೆ. ಆಗ ನನಗೆ ಹದಿನಾರು ವರ್ಷ.

ಅಡಿಕೆ ಮರ ಐವತ್ತು ಅರವತ್ತು ಅಡಿ ಹೋಗುತ್ತದೆ, ದಪ್ಪ ಮಾತ್ರ ಒಂದು ಗೇಣೂ ಇರುವುದಿಲ್ಲ. ಅಪ್ಪನ ಸರಂಜಾಮೂ ಅಷ್ಟೇ ಸಪೂರ: ಪಾದಗಳಿಗೆ ಹಗ್ಗದ ತಳೆ, ಮೇಲೆ ಹೋದ ಮೇಲೆ ಕೂರಲು ಒಂದು ಪುಟ್ಟ ಮಣೆ, ಸೊಂಟಕ್ಕೆ ಕತ್ತಿ, ಕೊಕ್ಕೆ ಕಟ್ಟಿದ ದೋಟಿ. ಹತ್ತುವ ಮೊದಲು ಬಗ್ಗಿ ಮರದ ಬುಡ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಆಮೇಲೆ ತಳೆಯನ್ನು ಮರಕ್ಕೆ ಒತ್ತಿ, ಕೈಯಲ್ಲಿ ತಬ್ಬಿ, ಮೈ ಕುಗ್ಗಿಸಿ ಹಿಗ್ಗಿಸಿ ಹತ್ತಿಬಿಡುತ್ತಿದ್ದ. ಒಮ್ಮೆ ತಲೆಗೆ ಮುಟ್ಟಿದ ಮೇಲೆ ಪ್ರತಿ ಮರಕ್ಕೂ ಇಳಿದು ಹತ್ತುವ ಲೆಕ್ಕವಿಲ್ಲ. ದೋಟಿಯ ಕೊಕ್ಕೆಯಿಂದ ಪಕ್ಕದ ಮರವನ್ನು ಎಳೆದುಕೊಂಡು ಅದಕ್ಕೆ ದಾಟುವುದು, ಅಲ್ಲಿಂದ ಇನ್ನೊಂದಕ್ಕೆ. ಹತ್ತು ಮರ ದಾಟಿದರೂ ನಮಸ್ಕಾರ ಸಲ್ಲುತ್ತಿದ್ದುದು ಮೊದಲನೆಯದಕ್ಕೆ ಮಾತ್ರ.

1997ರ ಆಷಾಢ. ಎರಡು ದಿನ ಮಳೆ ಹೊಳವಾಗಿತ್ತು. ಕೊಳೆಗೆ ಔಷಧಿ ಹೊಡೆಯಲು ತೋಟದ ಒಡೆಯರು ಹೇಳಿ ಕಳಿಸಿದರು. ಕೊಳೆ ಅಂದರೆ ಮಳೆದೇವರ ಮುನಿಸು ಎಂದು ನಮ್ಮಜ್ಜ ನಂಬಿದ್ದ. ಅದು ಶಿಲೀಂಧ್ರದ ಕೆಲಸ ಎಂದು ಮೈಸೂರು ಸಂಸ್ಥಾನದಲ್ಲಿ ಅಭ್ಯಾಸ ಮಾಡಿ ತೋರಿಸಿ, ಬೋರ್ಡೋ ದ್ರಾವಣವನ್ನು ಅಡಿಕೆ ತೋಟಕ್ಕೆ ತಂದವರು ಕೆನಡಾದ ಲೆಸ್ಲಿ ಕೋಲ್ಮನ್, 1910ರ ಸುಮಾರಿಗೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಡೆಯರು ಆ ದಿನವೂ ಬ್ಯಾರಲ್ಲಿನಲ್ಲಿ ಕಲಸಿ, ಕತ್ತಿಯ ಅಲಗನ್ನು ಅದ್ದಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹತ್ತಿತ್ತು. ಇನ್ನೆರಡು ಹಿಡಿ ಸುಣ್ಣ ಹಾಕಿಸಿ, ಮತ್ತೆ ಅದ್ದಿ ನೋಡಿ, ‘ಈಗ ಸಮಾ ಆತು’ ಎಂದರು.

ನಾನು ಪಂಪು ಒತ್ತುತ್ತಿದ್ದೆ. ಅಪ್ಪ ನಾಲ್ಕನೇ ಮರದಿಂದ ಐದನೆಯದಕ್ಕೆ ದಾಟಿದ. ಮರ ಒಂದು ಬಾರಿ ತೂಗಿತು. ಬುಡದಲ್ಲಿ ಲಟಕ್ಕನೆ ಸದ್ದಾಯಿತು. ಮರದ ಜೊತೆಗೇ ಅಪ್ಪ ಬಂದ.

ಬಾಳೆಯ ಹಿಂಡಿನ ಮೇಲೆ ಬಿದ್ದುದರಿಂದ ಜೀವ ಉಳಿಯಿತು. ಸೊಂಟದ ಎಲುಬು ಉಳಿಯಲಿಲ್ಲ. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದೆವು.

ಆಮೇಲೆ ತಿಂಗಳುಗಟ್ಟಲೆ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿದರು. ‘ಹಣೆಬರಹ, ಯಾರು ತಪ್ಸಲೆ ಆಗ್ತದೆ?’ ಒಡೆಯರು ಆಸ್ಪತ್ರೆಯ ಖರ್ಚಿಗೆ ಅಷ್ಟಿಷ್ಟು ಕೊಟ್ಟು ಅದನ್ನೇ ಹೇಳಿದರು. ಕೇರಿಯ ಹಿರಿಯನೊಬ್ಬ ಮಾತ್ರ ಬೇರೆ ಕಾರಣ ಹುಡುಕಿದ: ‘ಬಿದ್ದ ಮರಕ್ಕೆ ಕೈ ಮುಗಿದಿರಲಿಲ್ಲ, ಅದಕ್ಕೇ ಆತು.’ ನನಗೆ ಸಿಟ್ಟು ಬಂದಿತ್ತು.

ಆ ವರ್ಷದ ದೀಪಾವಳಿ ಕಳೆದ ಮೇಲೆ ಊರಿನ ದೇವಸ್ಥಾನದಲ್ಲಿ ತಾಳಮದ್ದಳೆ, ಕರ್ಣಪರ್ವ. ಶಲ್ಯ ಮುನಿಸಿಕೊಂಡು ರಥ ಬಿಟ್ಟು ಹೋದ. ಚಕ್ರ ನೆಲದಲ್ಲಿ ಹೂತಿತು. ಕರ್ಣನ ಅರ್ಥ ಹೇಳುತ್ತಿದ್ದವರು ದೈವವನ್ನು ದೂರಿದರು, ಶಾಪಗಳನ್ನು ಎಣಿಸಿದರು. ಕೃಷ್ಣನ ಅರ್ಥಧಾರಿ ಅದಕ್ಕೆ ಕೊಟ್ಟ ಉತ್ತರ ನನ್ನ ಕಿವಿಯಲ್ಲಿ ಇನ್ನೂ ಇದೆ. ಯಾವ ಕೆಲಸಕ್ಕೂ ಕಾರಣ ಐದು ಎಂದು ಗೀತೆಯ ಹದಿನೆಂಟನೇ ಅಧ್ಯಾಯದ ಲೆಕ್ಕವನ್ನು ಅವರು ಬಿಡಿಸಿಟ್ಟರು. ನಿಂತ ನೆಲೆ ಒಂದು, ಮಾಡುವವನು ಎರಡು, ಸಲಕರಣೆ ಮೂರು, ಮಾಡುವ ಬಗೆ ನಾಲ್ಕು, ದೈವ ಐದು. ‘ನಾಲ್ಕನ್ನು ನೋಡದೆ ಐದನೆಯದಕ್ಕೆ ಹಾರುತ್ತೀಯಲ್ಲ ಕರ್ಣ? ನೆಲ ಹೇಗಿದೆ ಎಂದು ನೋಡಬೇಕಾದ ಸಾರಥಿ ಎಲ್ಲಿ?’ ಎಂದು ಕೇಳಿದರು.

ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ಹೊರಗೆ ಹೋದೆ.

ಯಾಕೆಂದರೆ ಆ ದಿನ ಸಾರಥಿ ನಾನೇ. ಪೈಪು ಬಿಡಿಸುತ್ತ ಹೋಗುವಾಗ ಆ ಐದನೇ ಮರದ ಬುಡದಲ್ಲಿ ಅಂಗೈಯಗಲದ ಅಣಬೆ ನೋಡಿದ್ದೆ. ಮೇಲೆ ಮೆರುಗು ಹಚ್ಚಿದಂಥ ಕಂದು, ಅಂಚಿಗೆ ಬಿಳಿ ಗೆರೆ. ಪಕ್ಕದಲ್ಲಿ ಕಂದು ರಸ ಒಸರಿ ಒಣಗಿತ್ತು. ಅದು ಅಣಬೆರೋಗ, ಒಳಗಿನ ತಿರುಳು ಕೊಳೆತು ಹೋಗಿರುತ್ತದೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಆದರೆ ನೋಡಿದ್ದಂತೂ ಹೌದು, ಹೇಳದೆ ಇದ್ದದ್ದೂ ಹೌದು. ಒಡೆಯರಿಗೆ ಆ ಮರ ಹೋಗುವ ಮರ ಎಂದು ಗೊತ್ತಿತ್ತು, ಆ ವರ್ಷದ ಫಸಲು ಬರಲಿ ಎಂದು ಬಿಟ್ಟಿದ್ದರು. ದ್ರಾವಣಕ್ಕೆ ಎರಡು ಸಲ ಕತ್ತಿ ಅದ್ದಿ ನೋಡಿದವರು ಮರದ ಬುಡಕ್ಕೆ ಅದೇ ಕತ್ತಿಯ ಹಿಂಬದಿಯಿಂದ ಒಂದು ಪೆಟ್ಟು ಹಾಕಿ ನೋಡಿರಲಿಲ್ಲ. ಇನ್ನು ಅಪ್ಪ? ಮೇಲಿದ್ದವನಿಗೆ ಕಂಡದ್ದು ಸೋಗೆ ಮತ್ತು ಕೊನೆ. ಮರದ ಮೇಲಿರುವವನಿಗೆ ಬುಡ ಕಾಣುವುದಿಲ್ಲ. ಅದು ಕಾಣುವುದು ಕೆಳಗಿರುವವನಿಗೆ.

ಇದನ್ನು ಅಪ್ಪನಿಗೆ ಹೇಳಲು ನನಗೆ ನಾಲ್ಕು ವರ್ಷ ಬೇಕಾಯಿತು. ಜಗಲಿಯ ಮೇಲೆ ಕೂತು ಅವನು ಕಂಬಳಿಯ ನೂಲು ಬಿಡಿಸುತ್ತಿದ್ದ. ಕೇಳಿಸಿಕೊಂಡು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ, ‘ಬಿಡಾ ತಮ್ಮಾ. ನನ್ನ ಹಣೇಲಿ ಬರದಿತ್ತು’ ಎಂದ.

ಅದೇ ಮಾತು. ಒಡೆಯರು ಹೇಳಿದ್ದೂ ಅದನ್ನೇ. ಆದರೆ ಅವರ ಬಾಯಲ್ಲಿ ಆ ಮಾತು ಬಾಗಿಲು ಹಾಕಿಕೊಂಡಿತ್ತು. ಅಪ್ಪನ ಬಾಯಲ್ಲಿ ಬಾಗಿಲು ತೆರೆದು ನನ್ನನ್ನು ಒಳಗೆ ಕರೆಯಿತು. ದೈವ ಇದೆಯೋ ಇಲ್ಲವೋ ಎಂದು ವಾದ ಮಾಡುವಷ್ಟು ಓದು ನನ್ನಲ್ಲಿಲ್ಲ. ನನಗೆ ತಿಳಿದದ್ದು ಇಷ್ಟು: ಹಣೆಬರಹ ಎನ್ನುವ ಹಕ್ಕು ಬಿದ್ದವನದ್ದು. ಅದು ಅವನು ಕೊಡಬಹುದಾದ ಕ್ಷಮೆ. ಕೆಳಗೆ ನಿಂತವರು ಅದನ್ನು ತಾವೇ ತೆಗೆದುಕೊಳ್ಳಬಾರದು. ಅವರ ಪಾಲಿಗೆ ಉಳಿಯುವುದು ಮೊದಲಿನ ನಾಲ್ಕರ ಲೆಕ್ಕ.

ನಾನೂ ಕೊನೆಗೌಡನಾದೆ. ಈಗ ಮೊಣಕಾಲು ಒಪ್ಪದ ಕಾರಣ ಹುಡುಗರಿಗೆ ಕಲಿಸುತ್ತೇನೆ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ತೆಂಗಿನ ಮರ ಹತ್ತುವವರಿಗಾಗಿ ಆರು ದಿನದ ತರಬೇತಿ ಶುರು ಮಾಡಿತು, ಯಂತ್ರ ಕೊಟ್ಟಿತು, ವಿಮೆ ಮಾಡಿಸಿತು. ಬಂಟ್ವಾಳದ ಕಡೆಯ ಕೃಷಿಕರೊಬ್ಬರು ಅಡಿಕೆ ಮರ ಏರುವ ಬೈಕನ್ನೇ ಮಾಡಿದರು. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ನೆಲದಲ್ಲೇ ನಿಂತು ಔಷಧಿ ಹೊಡೆಯುವವರೂ ಇದ್ದಾರೆ. ಎಲ್ಲ ಒಳ್ಳೆಯದೇ. ಆದರೂ ಹತ್ತುವವರು ಇನ್ನೂ ಇದ್ದಾರೆ, ಮತ್ತು ಬೆಲ್ಟು ಕಟ್ಟಿಕೊಳ್ಳಿ ಎಂದರೆ ಹಳಬರು ನಗುತ್ತಾರೆ. ‘ದೇವರ ಮೇಲೆ ಭಾರ ಹಾಕ್ದವಂಗೆ ಬೆಲ್ಟ್ ಎಂತಕ್ಕೆ?’ ಬೆಲ್ಟು ಮೂರನೆಯ ಸಾಲಿನದು, ದೇವರು ಐದನೆಯ ಸಾಲಿನವನು, ಒಬ್ಬರ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲ ಎನ್ನುತ್ತೇನೆ. ಜೊತೆಗೆ ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ಬುಡ ಕೊಳೆತ ಮರಕ್ಕೆ ಬೆಲ್ಟು ಕಟ್ಟಿದರೆ ಮರದ ಜೊತೆಗೇ ಬರುತ್ತೀರಿ.

ಹಾಗಾಗಿ ನನ್ನ ಪಾಠ ನೆಲದಿಂದ ಶುರುವಾಗುತ್ತದೆ. ಹತ್ತುವ ಹಿಂದಿನ ಸಂಜೆ ನೇಣು ಹಿಡಿಯುವ ಹುಡುಗನನ್ನು ಕರೆದುಕೊಂಡು ಸಾಲು ಸಾಲು ತಿರುಗುತ್ತೇನೆ. ಕತ್ತಿಯ ಹಿಂಬದಿಯಿಂದ ಬುಡಕ್ಕೆ ಪೆಟ್ಟು. ಗಟ್ಟಿ ಮರ ಠಣ್ ಎನ್ನುತ್ತದೆ, ಟೊಳ್ಳು ಡಬ್ ಎನ್ನುತ್ತದೆ. ಡಬ್ ಎಂದ ಮರಕ್ಕೆ ಸುಣ್ಣದ ಪಟ್ಟಿ ಬಳಿಯುತ್ತೇವೆ. ಮರುದಿನ ಮೇಲಿರುವವನು ಯಾವ ಮರಕ್ಕೆ ಕೊಕ್ಕೆ ಹಾಕಿದರೂ ಕೆಳಗಿನವನು ‘ಹೂಂ’ ಎನ್ನುವ ತನಕ ದಾಟುವಂತಿಲ್ಲ.

ಮೊನ್ನೆ ಒಬ್ಬ ಹುಡುಗ ಕೇಳಿದ: ‘ಅಣ್ಣಾ, ಎಲ್ಲಾ ಮರದ ಬುಡಕ್ಕೂ ಬಗ್ಗಿ ಬಗ್ಗಿ ಸೊಂಟ ಹೋತು. ನೀವು ಪೂಜೆ ಮಾಡ್ತ್ರಾ, ಪರೀಕ್ಷೆ ಮಾಡ್ತ್ರಾ?’

ಆಗ ಆ ಕೇರಿಯ ಹಿರಿಯ ನೆನಪಾದ. ಬಿದ್ದ ಮರಕ್ಕೆ ಕೈ ಮುಗಿದಿರಲಿಲ್ಲ ಎಂದಿದ್ದನಲ್ಲ. ಅವನ ಮಾತು ನಿಜವೇ ಆಗಿತ್ತು. ಕೈ ಮುಗಿಯಬೇಕೆಂದರೆ ಬಗ್ಗಬೇಕಿತ್ತು. ಬಗ್ಗಿದ್ದರೆ ಅಪ್ಪನಿಗೆ ಅಣಬೆ ಕಾಣುತ್ತಿತ್ತು.

‘ಮೊದಲು ಬಗ್ಗು’ ಎಂದೆ ಹುಡುಗನಿಗೆ. ಅವನು ಮುಂದಿನ ಮರಕ್ಕೆ ಪೆಟ್ಟು ಹಾಕಿದ. ಠಣ್ ಎಂದಿತು.