ಭೂಮಿತಾಯಿಗೆ ಮೊದಲ ತುತ್ತು

ವಿಜಯದಶಮಿಯ ಸಡಗರ ಮುಗಿದ ಐದನೆಯ ದಿನಕ್ಕೆ ಆಶ್ವಯುಜದ ಹುಣ್ಣಿಮೆ. ಮಲೆನಾಡಿನಲ್ಲಿ ಅದು ಭೂಮಿ ಹುಣ್ಣಿಮೆ. ಉತ್ತರ ಕರ್ನಾಟಕದಲ್ಲಿ ಸೀಗಿ ಹುಣ್ಣಿಮೆ. ಗದ್ದೆಯಲ್ಲಿ ಭತ್ತ ತೆನೆ ಕಟ್ಟುವ ಕಾಲ. ಒಡಲಲ್ಲಿ ಕಾಳು ಹೊತ್ತ ಭೂಮಿಯನ್ನು ತುಂಬು ಬಸುರಿಯೆಂದು ಭಾವಿಸಿ ಅವಳಿಗೆ ಬಯಕೆಯೂಟ ಬಡಿಸುವುದೇ ಈ ಹಬ್ಬದ ಹುರುಳು. ದಸರೆಯ ವೈಭವದ ಮುಂದೆ ಇದು ನಗರವಾಸಿಗಳ ಕಣ್ಣಿಗೆ ಬೀಳುವುದು ಕಡಮೆ. ಆದರೆ ನವರಾತ್ರಿಯ ಕಲಶದ ಬುಡದಲ್ಲಿ ಮಣ್ಣು ಹರಡಿ ನವಧಾನ್ಯ ಬಿತ್ತುವವರಿಗೆ ಇದರ ಅರ್ಥ ಅಪರಿಚಿತವಾಗಲಾರದು.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಈ ಹಬ್ಬಕ್ಕೆಂದೇ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಮನೆಯ ಹೆಣ್ಣುಮಕ್ಕಳು ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಈ ಚಿತ್ತಾರಕಲೆಯ ಬಣ್ಣಗಳನ್ನು ಗಮನಿಸಬೇಕು. ಬಿಳುಪಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಕರಿಕಾಗುವಂತೆ ಹುರಿದ ಅಕ್ಕಿ, ಕೆಂಪಿಗೆ ಮಣ್ಣು, ಹಳದಿಗೆ ಗುರಿಗೆ ಕಾಯಿ. ಉಣ್ಣುವ ಅನ್ನವೇ ಬಣ್ಣ, ಬೆಳೆಯುವ ಮಣ್ಣೇ ಭಿತ್ತಿ. ಬರೆದವಳು ತನ್ನ ಹೆಸರನ್ನು ಎಲ್ಲಿಯೂ ಬರೆಯುವುದಿಲ್ಲ. ಬುಟ್ಟಿಯನ್ನು ಕಾದಿಡುವ ಗಾಜಿನ ಕಪಾಟೂ ಇಲ್ಲ; ಅದು ಊಟ ಹೊತ್ತು ಗದ್ದೆಗೆ ಹೋಗಬೇಕಾದದ್ದು. ನಮ್ಮ ತೆಲುಗು ನೆರೆಯವರ ಸಂಕ್ರಾಂತಿಯ ಗೊಬ್ಬೆಮ್ಮನೂ ಹೀಗೆಯೇ. ರಂಗವಲ್ಲಿಯ ನಡುವೆ ಹೂ ಮುಡಿದು ಕುಳಿತ ಸಗಣಿಯ ಮುದ್ದೆ ಒಣಗಿ ಬೆರಣಿಯಾಗಿ, ರಥಸಪ್ತಮಿಯಂದು ಪಾಯಸ ಬೇಯಿಸುವ ಉರಿಯಾಗುತ್ತದೆ.

ಹುಣ್ಣಿಮೆಯ ಹಿಂದಿನ ರಾತ್ರಿ ಭೂಮಣ್ಣಿಯ ಮನೆಗಳಲ್ಲಿ ನಿದ್ದೆಯಿಲ್ಲ. ಬಗೆಬಗೆಯ ಸೊಪ್ಪುಗಳನ್ನು ಬೇಯಿಸಿ ಹಚ್ಚಂಬಲಿ ಮಾಡುತ್ತಾರೆ. ನಸುಕಿನಲ್ಲಿ ಗಂಡಸರು ಅದನ್ನು ಹೊತ್ತು, ಭೂಮಿಯನ್ನು ಕೂಗಿ ಕರೆಯುತ್ತ ಗದ್ದೆಗೆ ಬೀರುತ್ತಾರೆ. ಬೆಳಕು ಹರಿದ ಮೇಲೆ ಪೈರಿಗೆ ಪೂಜೆ, ಕಾಗೆಗೆ ಎಡೆ, ಆಮೇಲೆ ಬದುವಿನ ಮೇಲೆ ಸಾಲಾಗಿ ಕುಳಿತು ಊಟ.

ಇಲ್ಲೊಂದು ಧರ್ಮಸೂಕ್ಷ್ಮವುಂಟು. ಹಸಿದವರು ಲೋಕದಲ್ಲಿ ಇನ್ನೂ ಇರುವಾಗ ಬೇಯಿಸಿದ ಅನ್ನವನ್ನು ಮಣ್ಣಿಗೆ ಚೆಲ್ಲುವುದು ಸರಿಯೇ? ಈ ಪ್ರಶ್ನೆಯನ್ನು ಭಕ್ತಿಯ ಹೆಸರಿನಲ್ಲಿ ತಳ್ಳಿಹಾಕಲಾಗದು. ತೈತ್ತಿರೀಯೋಪನಿಷತ್ತಿನಲ್ಲಿ ಭೃಗುವು ತಂದೆಯಾದ ವರುಣನ ಅಪ್ಪಣೆಯಂತೆ ತಪಸ್ಸು ಮಾಡಿ ಮೊದಲು ಕಂಡುಕೊಂಡದ್ದು ಅನ್ನವೇ ಬ್ರಹ್ಮವೆಂದು. ಅನಂತರ ಪ್ರಾಣ, ಮನಸ್ಸು, ವಿಜ್ಞಾನಗಳನ್ನು ದಾಟಿ ಆನಂದವನ್ನು ಮುಟ್ಟುತ್ತಾನೆ. ಸೋಜಿಗವೆಂದರೆ, ಆನಂದವನ್ನು ಮುಟ್ಟಿಸಿದ ಮೇಲೆ ಉಪನಿಷತ್ತು ಮತ್ತೆ ಅನ್ನಕ್ಕೇ ಹಿಂದಿರುಗಿ ವ್ರತಗಳನ್ನು ವಿಧಿಸುತ್ತದೆ. ಅನ್ನವನ್ನು ಹಳಿಯಲಾಗದು, ಬಿಸುಡಲಾಗದು, ಹೇರಳವಾಗಿ ಬೆಳೆಯಬೇಕು, ಮನೆಗೆ ಬಂದವರನ್ನು ಇಲ್ಲವೆಂದು ಕಳುಹಬಾರದು.

ಬಿಸುಡಲಾಗದೆಂಬ ವ್ರತವೇ ಗದ್ದೆಗೆ ಅಂಬಲಿ ಬೀರುವವನಿಗೆ ಎದುರಾಗಿ ನಿಂತಂತೆ ತೋರುತ್ತದೆ. ಆದರೆ ಬಿಸುಟದ್ದಕ್ಕೆ ಪಡೆಯುವವರಿಲ್ಲ. ರೈತನಾದರೋ ಹೆಸರು ಹಿಡಿದು ಕರೆದು ಬಡಿಸುತ್ತಿದ್ದಾನೆ. ವರ್ಷವೆಲ್ಲ ತನಗೆ ಬಡಿಸಿದವಳಿಗೆ ಒಂದು ದಿನ ಮೊದಲ ತುತ್ತು. ಇದು ದಾನವಲ್ಲ, ಋಣ ಸಂದಾಯ. ಆದರೂ ಆಕ್ಷೇಪಣೆ ಪೂರ್ತಿಯಾಗಿ ಸತ್ತಿಲ್ಲವೆಂದೇ ನನ್ನ ಭಾವನೆ. ಅದೇ ಬದುವಿನ ಊಟದ ಸಾಲಿನಲ್ಲಿ ನಾಟಿ ಮಾಡಿದ ಆಳಿಗೆ ಎಲೆ ಇಲ್ಲವಾದರೆ, ಮಣ್ಣಿಗೆ ಇಟ್ಟ ಎಡೆಯೂ ವ್ಯರ್ಥ. ನಾಲ್ಕನೆಯ ವ್ರತ ಮುರಿದವನಿಗೆ ಮೊದಲ ಮೂರರ ಫಲ ದಕ್ಕೀತೆಂದು ನಂಬುವುದು ಕಷ್ಟ.

ದ್ವಾರಕಾ ನಗರದ ಮಹಡಿ ಮನೆಗಳಲ್ಲಿರುವ ನಮಗೆ ಗದ್ದೆಯಿಲ್ಲ, ಬದುವಿಲ್ಲ. ತರಕಾರಿಯ ಸಿಪ್ಪೆ, ಸೊಪ್ಪಿನ ಕಡ್ಡಿ, ದೇವರ ಮನೆಯ ಬಾಡಿದ ಹೂ ಇವು ಮಾತ್ರ ದಿನವೂ ಉಂಟು. ಮಣ್ಣಿನ ಕುಂಡದಲ್ಲಿ ಇವನ್ನೂ ತರಗೆಲೆಯನ್ನೂ ಪದರ ಪದರವಾಗಿ ಹಾಕಿ, ತೇವ ಆರದಂತೆ ಆಗಾಗ ಮಗುಚುತ್ತಿದ್ದರೆ ಎರಡು ಮೂರು ತಿಂಗಳಿಗೆ ಕರಿಯ ಗೊಬ್ಬರ. ನಿರ್ಮಾಲ್ಯ ಕಾಲಿಗೆ ಸಿಕ್ಕಬಾರದೆಂಬ ಶ್ರದ್ಧೆಯಿಂದ ಅದನ್ನು ಪ್ಲಾಸ್ಟಿಕ್ ಚೀಲದ ಸಮೇತ ಕಡಲಿಗೆ ಹಾಕಿ ಬರುವವರುಂಟು. ಪಕ್ಕದ ಸಿಂಹಾಚಲದಲ್ಲಿ ನೆಲೆಸಿರುವ ವರಾಹಸ್ವಾಮಿ ನೀರಿನಿಂದ ಭೂಮಿಯನ್ನು ಎತ್ತಿ ತಂದವನು. ಅವನ ಮಗ್ಗುಲಲ್ಲಿ ವಾಸಿಸುವ ನಾವು ಭೂಮಿಯ ಹೂವನ್ನು ನೀರಿಗೆ ಎಸೆಯುತ್ತೇವೆ!

ಆದರೆ ಕುಂಡಕ್ಕೆ ಹಾಕಿದ್ದೆಲ್ಲ ಎಡೆಯಾಗುವುದಿಲ್ಲ. ಹತ್ತು ಜನರ ಹಬ್ಬಕ್ಕೆ ಮೂವತ್ತು ಜನರ ಪುಳಿಯೋಗರೆ ಕಲಸಿ, ಹಳಸಿದ ಮೇಲೆ ಗೊಬ್ಬರಕ್ಕೆ ಸುರಿದು ಸಮಾಧಾನಪಟ್ಟುಕೊಳ್ಳುವುದು ಆತ್ಮವಂಚನೆ. ಭೂಮಣ್ಣಿಗೆ ಸಲ್ಲುವುದು ಮೊದಲ ಪಾಲು, ಇದು ಕೊನೆಯದು. ಪಕ್ಕದ ಮನೆಯ ಬಾಗಿಲು ತಟ್ಟಲು ಸಂಕೋಚಪಟ್ಟದ್ದರಿಂದ ಉಳಿದದ್ದು.

ಗೊಂಬೆಗಳ ಮುಂದೆ ಮಕ್ಕಳು ತಟ್ಟೆಯಲ್ಲಿ ಬೆಳೆಸಿದ ರಾಗಿಯ ಪೈರು ದಶಮಿಯ ಹೊತ್ತಿಗೆ ಬೆರಳುದ್ದ ಬಂದಿರುತ್ತದೆ. ಹುಣ್ಣಿಮೆಗೆ ಇನ್ನೂ ಐದು ದಿನ. ಅದನ್ನು ಕುಂಡಕ್ಕೆ ಇಳಿಸಲು, ಹಳೆಯದೊಂದು ಬುಟ್ಟಿಗೆ ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನ ನಾಲ್ಕು ಗೆರೆ ಎಳೆಯಲು, ಮಾಳಿಗೆಯ ಮೇಲೆ ನೆರೆಯವರನ್ನು ಊಟಕ್ಕೆ ಕರೆಯಲು ಅಷ್ಟು ದಿನ ಸಾಕು.